ಒಂದೇ ಹೊಲದ ರೊಟ್ಟಿ, ಬೆಣ್ಣೆ

ಬಿಸಿ ಜೋಳದ ರೊಟ್ಟಿ, ಅದರ ಮೇಲೊಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಆಗಷ್ಟೇ ತೊಳೆದಿಟ್ಟ ಹಸಿ ಮೆಂತ್ಯೆ ಸೊಪ್ಪು, ಒಂದು ಪಲ್ಯ, ಒಂದು ಚಿಟಿಕೆ ಚಟ್ನಿಪುಡಿ. ಉತ್ತರ ಕರ್ನಾಟಕದ ಬಯಲುಸೀಮೆಯ ಮನೆಯೂಟದ ತಿರುಳು ಇಷ್ಟೆ. ಇದನ್ನು ಬಡವರ ಊಟ ಎಂದು ಕಡೆಗಣಿಸಿದವರಿದ್ದರು. ಈಗ ಆರೋಗ್ಯದ ಊಟ ಎಂದು ಕೊಂಡಾಡುವವರಿದ್ದಾರೆ. ಎರಡೂ ಮಾತುಗಳಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗುತ್ತದೆ. ಆ ತಾಟಿನಲ್ಲಿರುವ ರೊಟ್ಟಿ ಮತ್ತು ಬೆಣ್ಣೆ ಬೇರೆ ಬೇರೆ ಕಡೆಯಿಂದ ಬಂದವಲ್ಲ. ಎರಡರ ಮೂಲವೂ ಒಂದೇ ಬೆಳೆ.

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಕಡಿಮೆ. ಕಪ್ಪುಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆದು, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ತೆನೆಯಿಂದ ಮನುಷ್ಯರಿಗೆ ಕಾಳು. ದಂಟಿನಿಂದ ದನಕರುಗಳಿಗೆ ಕಣಿಕೆ. ಬಣವೆ ಒಟ್ಟಿದ ಆ ಕಣಿಕೆಯೇ ಬೇಸಿಗೆಯುದ್ದಕ್ಕೂ ಎತ್ತು, ಎಮ್ಮೆಗಳಿಗೆ ಆಧಾರ. ಎಮ್ಮೆಯ ಹಾಲು ಮೊಸರಾಗಿ, ಬೆಣ್ಣೆಯಾಗಿ ಮತ್ತೆ ಅದೇ ಜೋಳದ ರೊಟ್ಟಿಯ ಮೇಲೆ ಬಂದು ಕೂರುತ್ತದೆ.

ಈ ನಂಟು ಎಷ್ಟು ಬಿಗಿಯಾದುದು ಎಂಬುದಕ್ಕೆ ಮಾಲದಂಡಿ ತಳಿಯೇ ಸಾಕ್ಷಿ. ಮಹಾರಾಷ್ಟ್ರದ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1 ಎಂಬ ಈ ಜೋಳ ಇಂದಿಗೂ ರೈತರ ಕೈಬಿಟ್ಟಿಲ್ಲ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ಗಿಡ್ಡ ಗಿಡ, ಹೆಚ್ಚು ಕಾಳು. ಮುಂಗಾರಿನಲ್ಲಿ ಹೈಬ್ರಿಡ್ ಹಬ್ಬಿದರೂ ಹಿಂಗಾರಿನ ಹೊಲದಿಂದ ಮಾಲದಂಡಿಯನ್ನು ಕದಲಿಸಲಾಗಲಿಲ್ಲ. ಅದರ ಕಾಳಿನ ಹೊಳಪು, ರೊಟ್ಟಿಯ ರುಚಿ, ಆಳೆತ್ತರದ ದಂಟಿನ ಕಣಿಕೆ ಇವನ್ನೆಲ್ಲ ರೈತ ಒಟ್ಟಿಗೆ ತೂಗಿ ನೋಡುತ್ತಾನೆ. ಬರೀ ಕಾಳಿನ ಕ್ವಿಂಟಲ್ ಲೆಕ್ಕ ಅವನಿಗೆ ಸಾಲದು.

ಇನ್ನು ರೊಟ್ಟಿಯ ವಿಷಯ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಾಗಾಗಿ ಚಪಾತಿಯಂತೆ ತಣ್ಣೀರಿನಲ್ಲಿ ಕಲೆಸಿ ಲಟ್ಟಿಸಹೋದರೆ ಅಂಚು ಸೀಳುತ್ತದೆ. ಇದಕ್ಕೆ ಹಳ್ಳಿಯ ಹೆಂಗಸರು ಕಂಡುಕೊಂಡ ಉಪಾಯ ಕುದಿಯುವ ನೀರು. ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಸುರಿದಾಗ ಪಿಷ್ಟದ ಒಂದು ಭಾಗ ಬೆಂದು ಜಿಗಿ ಬರುತ್ತದೆ. ಅಂಗೈಯ ಬುಡದಿಂದ ಚೆನ್ನಾಗಿ ನಾದಿ, ಎರಡೂ ಕೈಯಿಂದ ತಟ್ಟುತ್ತ ತಿರುಗಿಸಿದರೆ ರೊಟ್ಟಿ ತೆಳ್ಳಗೆ ಹರಡಿಕೊಳ್ಳುತ್ತದೆ. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುವುದು ಹಿಟ್ಟು ಒಣಗಿ ಬಿರಿಯದಿರಲೆಂದು. ಮಗುಚಿ ಕೆಂಡಕ್ಕೆ ಒಡ್ಡಿದಾಗ ಒಳಗಿನ ನೀರು ಹಬೆಯಾಗಿ ರೊಟ್ಟಿ ಉಬ್ಬುತ್ತದೆ. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ. ಆದ್ದರಿಂದಲೇ ಜೋಳವನ್ನು ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಒಯ್ಯುವ ರೂಢಿ.

ಬೆಣ್ಣೆಯಲ್ಲೂ ಇಂಥದೇ ಸೂಕ್ಷ್ಮಗಳಿವೆ. ಪೇಟೆಯ ಬೆಣ್ಣೆ ಸಾಮಾನ್ಯವಾಗಿ ಹಾಲಿನ ಕೆನೆಯಿಂದ ತೆಗೆದದ್ದು; ಮನೆಯ ಬೆಣ್ಣೆ ಹೆಪ್ಪು ಹಾಕಿದ ಮೊಸರನ್ನು ಕಡೆದು ತೆಗೆದದ್ದು. ಅದರ ನವಿರಾದ ಹುಳಿ, ಘಮ ಮೊಸರಿನ ಕೊಡುಗೆ. ನಸುಕಿನಲ್ಲೇ ಕಡೆಯುವುದೇಕೆ? ತಂಪು ಹೊತ್ತಿನಲ್ಲಿ ಜಿಡ್ಡು ಬೇಗ ಗಟ್ಟಿಯಾಗಿ ಮೇಲೆ ತೇಲಿ ಬರುತ್ತದೆ. ಬೇಸಿಗೆಯಲ್ಲಿ ತಣ್ಣೀರು ಬೆರೆಸದಿದ್ದರೆ ಅದು ಕರಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಎಮ್ಮೆಯ ಬೆಣ್ಣೆ ಬೆಳ್ಳಗಿರುವುದಕ್ಕೂ ಕಾರಣವಿದೆ. ಮೇವಿನಲ್ಲಿರುವ ಹಳದಿ ಕ್ಯಾರೊಟಿನ್ ಅನ್ನು ಎಮ್ಮೆಯ ದೇಹ ವಿಟಮಿನ್ ಎ ಆಗಿ ಬದಲಿಸಿಬಿಡುತ್ತದೆ. ಹಸು ಅದರಲ್ಲಿ ಸ್ವಲ್ಪವನ್ನು ಹಾಗೆಯೇ ಹಾಲಿಗೆ ಬಿಡುವುದರಿಂದ ಅದರ ಬೆಣ್ಣೆ ಹಳದಿ.

ರೊಟ್ಟಿ, ಬೆಣ್ಣೆ ವರ್ಷವಿಡೀ ಒಂದೇ. ಬದಲಾಗುವುದು ಪಕ್ಕದ ಪಲ್ಯ. ಅದನ್ನು ಗೊತ್ತುಮಾಡುವುದು ಕಾಲ. ಮಳೆಗಾಲದಲ್ಲಿ ಪುಂಡಿಪಲ್ಯ, ರಾಜಗಿರಿ, ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಿಕೆ. ಚಳಿಗಾಲ ಬಂತೆಂದರೆ ತಾಟು ತುಂಬುತ್ತದೆ: ಎಣ್ಣೆಗಾಯಿಗೆ ಎಳೆ ಬದನೆ, ಹಸಿ ಉಳ್ಳಾಗಡ್ಡಿ, ಮೂಲಂಗಿ, ಗಜ್ಜರಿ. ಕಡಲೆ ಗಿಡದ ಕುಡಿ ಚಿವುಟಿದರೆ ಗಿಡ ಹೆಚ್ಚು ಕವಲೊಡೆಯುತ್ತದೆ. ಚಿವುಟಿದ ಹುಳಿಹುಳಿಯಾದ ಕುಡಿ ಪಲ್ಯಕ್ಕೆ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಹೊಲಕ್ಕೆ ಹೋಗುತ್ತದೆ. ಭೂಮಿಗೆ ಚರಗ ಚೆಲ್ಲಿದ ಮೇಲೆಯೇ ಮನೆಯವರ ಊಟ. ಕಾಳು ಹಾಲುಗಟ್ಟಿ ಬಲಿಯುವ ಹೊತ್ತಿಗೆ ತೆನೆ ಸುಟ್ಟು ತಿನ್ನುವ ಸೀತನಿಯ ಸಂಭ್ರಮ. ಬಿಸಿಲು ಏರಿ ಸೊಪ್ಪು ಒಣಗಿದಾಗ ಅಗಸೆ, ಗುರೆಳ್ಳು, ಶೇಂಗಾ ಚಟ್ನಿಪುಡಿಗಳು, ಕಡಲೆಹಿಟ್ಟಿನ ಜುಣಕ, ಮಜ್ಜಿಗೆ ಕೈಹಿಡಿಯುತ್ತವೆ.

ಬರೀ ರುಚಿಗಾಗಿ ಕೂಡಿಬಂದ ಜೋಡಿಗಳಲ್ಲ ಇವು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳು, ಮೊಸರು ಆ ಕೊರತೆಯನ್ನು ತುಂಬುತ್ತವೆ. ಸೊಪ್ಪಿನಲ್ಲಿರುವ ಕ್ಯಾರೊಟಿನ್ ದೇಹಕ್ಕೆ ಹತ್ತಬೇಕಾದರೆ ಒಂದಿಷ್ಟು ಜಿಡ್ಡು ಬೇಕು. ಬೆಣ್ಣೆ ಆ ಕೆಲಸ ಮಾಡುತ್ತದೆ. ಲೈಸಿನ್, ಕ್ಯಾರೊಟಿನ್ ಎಂಬ ಹೆಸರುಗಳು ಹುಟ್ಟುವ ಮೊದಲೇ ಅಡುಗೆಮನೆ ಈ ಜೋಡಣೆಯನ್ನು ಅನುಭವದಿಂದ ಕಂಡುಕೊಂಡಿತ್ತು.

ಆದರೆ ಈ ಸರಪಣಿಯ ಕೊಂಡಿಗಳು ಒಂದೊಂದಾಗಿ ಸಡಿಲುತ್ತಿವೆ. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿದ್ದ ಜೋಳ 2020ರ ಹೊತ್ತಿಗೆ 50 ಲಕ್ಷ ಹೆಕ್ಟೇರಿಗಿಂತ ಕೆಳಗಿಳಿದಿದೆ. ನೀರಾವರಿ ಬಂದಲ್ಲಿ ಕಬ್ಬು, ಮಳೆಯಾಶ್ರಯದಲ್ಲಿ ಕಡಲೆ, ಹತ್ತಿ, ತೊಗರಿ ಆ ಜಾಗ ಹಿಡಿದಿವೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾಗಿ ಕಣಿಕೆಯ ಗರಜು ತಗ್ಗಿತು. ಹಾಲು ಬೆಳಗಾಗುತ್ತಲೇ ಡೇರಿಗೆ ಹೋಗುವುದರಿಂದ ಕೈಗೆ ರೊಕ್ಕ ಬಂತು, ಕಡಗೋಲು ಮೂಲೆ ಸೇರಿತು. ಪಡಿತರದ ಅಕ್ಕಿ, ಅದರಲ್ಲೂ 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ, ರೊಟ್ಟಿಯ ಮನೆಗಳಲ್ಲೂ ಅನ್ನದ ಪಾಲು ಹೆಚ್ಚಿತು.

ಇದನ್ನೆಲ್ಲ ಬರೀ ನಷ್ಟವೆಂದು ಹಳಹಳಿಸುವುದೂ ಸರಿಯಲ್ಲ. ಅಕ್ಕಿ ಎಷ್ಟೋ ಮನೆಗಳ ಹಸಿವು ನೀಗಿದೆ. ನಸುಕಿನಲ್ಲೆದ್ದು ಹಿಂಡು ಮಂದಿಗೆ ರೊಟ್ಟಿ ಬಡಿಯುತ್ತ ಹೊಗೆಯಲ್ಲಿ ಕೂತ ಹೆಣ್ಣುಮಕ್ಕಳ ದುಡಿಮೆಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಇಂದು ಅದೇ ಕೈಗಳು ಖಡಕ್ ರೊಟ್ಟಿ ಮಾಡಿ ಊರೂರಿಗೆ ಮಾರಿ ಸಂಸಾರ ನಡೆಸುತ್ತಿವೆ. ಬೆಂಗಳೂರಿನ ಖಾನಾವಳಿಗಳಿಗೂ ರೊಟ್ಟಿ ಬಂದಿದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಈಗಲೂ ಲಕ್ಷಗಟ್ಟಲೆ ಬರುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೂ ಹೊಸ ಮರ್ಯಾದೆ ಸಿಕ್ಕಿತು.

ಮರ್ಯಾದೆ ಪೊಟ್ಟಣದ ಮೇಲಷ್ಟೇ ನಿಂತರೆ ಹೊಲಕ್ಕೆ ತಲುಪುವುದಿಲ್ಲ. ಪಟ್ಟಣದ ಮನೆಯಲ್ಲೂ ಈ ಊಟ ಕಷ್ಟವೇನಲ್ಲ. ಹೊಸದಾಗಿ ಬೀಸಿದ ಹಿಟ್ಟು, ಹೆಚ್ಚುಕಡಿಮೆ ಅಷ್ಟೇ ಅಳತೆಯ ಕುದಿನೀರು, ಕೆನೆಗೆ ಹೆಪ್ಪು ಹಾಕಿ ಕಡೆದ ಒಂದು ಹಿಡಿ ಬೆಣ್ಣೆ, ಆ ದಿನ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಸೊಪ್ಪು, ಇಷ್ಟಿದ್ದರೆ ಆಯಿತು. ಸೊಪ್ಪು ಅಗ್ಗವೆಂದರೆ ಅದರ ಕಾಲ ಬಂದಿದೆಯೆಂದೇ ಅರ್ಥ. ಮೊದಲ ನಾಲ್ಕು ರೊಟ್ಟಿ ಹರಿದರೂ ಐದನೆಯದು ಉಬ್ಬುತ್ತದೆ. ಹೀಗೆ ಕೊಳ್ಳುವ ಪ್ರತಿ ಸೇರು ಬಿಳಿಜೋಳದ ಹಿಂದೆ ಎಲ್ಲೋ ಒಂದು ಎರೆಹೊಲದಲ್ಲಿ ಒಂದು ಹೊರೆ ಕಣಿಕೆಯೂ ನಿಂತಿರುತ್ತದೆ, ಅದನ್ನು ಮೇಯುವ ಎಮ್ಮೆಯೂ ಉಳಿಯುತ್ತದೆ.