ಬಾಡಿಗೆಯ ಮನೆಯೂ ಯಜಮಾನನ ರಿಯಾಯತಿಯೂ

‘ರಿಯಾಯತಿ’ ಎಂಬ ಶಬ್ದವು ಅರಬ್ಬಿಯಿಂದ ಪಾರಸಿಯ ಮಾರ್ಗವಾಗಿ ನಮ್ಮ ನುಡಿಯನ್ನು ಸೇರಿದುದು. ಆದರ, ಪರಾಮರಿಕೆ ಎಂಬುದು ಅದರ ಮೂಲಾರ್ಥ. ಆದರೆ ಇಂದಿನ ಬಾಡಿಗೆಯ ವ್ಯವಹಾರದಲ್ಲಿ ಅದು ಬಹುಮಟ್ಟಿಗೆ ಲೆಕ್ಕಾಚಾರವನ್ನೇ ಸೂಚಿಸುವದು. ಆದುದರಿಂದ ಗೃಹಸ್ಥನು ಶಬ್ದಕ್ಕೆ ಮರುಳಾಗದೆ ಲೆಕ್ಕವನ್ನು ನೋಡತಕ್ಕದ್ದು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿರಿಯರಿಗೆ ಈ ವಿವೇಕವು ಹೊಸದಾಗಿರಲಿಲ್ಲ. ಮೂಲಗೇಣಿಯು ಸ್ಥಿರವೆಂದೂ ಚಾಲಗೇಣಿಯು ಏರತಕ್ಕದ್ದೆಂದೂ ಅವರು ಬಲ್ಲವರಾಗಿದ್ದರು. 1974ರ ಭೂಸುಧಾರಣೆಯ ತರುವಾಯ ಜಮೀನಿನ ಗೇಣಿಪದ್ಧತಿಯು ಅಳಿಯಿತು. ಆದರೂ ಮಕ್ಕಳ ವಿದ್ಯೆಗಾಗಿ ಶಿರಸಿಯ ಪೇಟೆಯಲ್ಲಿಯೋ, ಉದ್ಯೋಗಕ್ಕಾಗಿ ಹುಬ್ಬಳ್ಳಿ ಬೆಂಗಳೂರುಗಳಲ್ಲಿಯೋ ಮನೆ ಹಿಡಿಯುವ ಪ್ರಸಂಗವು ನಮಗೆ ಬಂದೇ ಬರುವದು. ಆಗ ಅಡಿಕೆಯ ಹಣವು ಅಡ್ವಾನ್ಸಿನ ರೂಪದಿಂದ ಪರರ ಕೈ ಸೇರುವದು.

ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹನ್ನೊಂದು ತಿಂಗಳ ಕರಾರು. ಮೊದಲನೆಯ ತಿಂಗಳ ಬಾಡಿಗೆ ಮಾಫಿ. ಆಗ ಒಟ್ಟು ತೆರುವದು 1,20,000 ರೂಪಾಯಿ. ಇನ್ನೊಬ್ಬ ಯಜಮಾನನು ಮಾಫಿಯೇನನ್ನೂ ಕೊಡದೆ ಬಾಡಿಗೆಯನ್ನೇ 11,000ಕ್ಕೆ ಇಳಿಸುವನು. ಅಲ್ಲಿ ತೆರುವದು 1,21,000. ಮೊದಲನೆಯವನೇ ಉದಾರಿಯೆಂದು ತೋರುವದು ಸಹಜ. ಆದರೆ ಕರಾರು ಮುಗಿದ ಮೇಲೆ ಇಬ್ಬರೂ ನೂರಕ್ಕೆ ಐದರಂತೆ ಏರಿಸಿದರೆ, ಅವನ ಮನೆಗೆ 12,600, ಇವನ ಮನೆಗೆ 11,550 ಆಗುವದು. ಇಪ್ಪತ್ತೆರಡು ತಿಂಗಳಿಗೆ ಮೊದಲನೆಯ ಮನೆಗೆ 2,58,600, ಎರಡನೆಯದಕ್ಕೆ 2,48,050. ಒಂದು ತಿಂಗಳ ಮಾಫಿಯು 10,550 ರೂಪಾಯಿಯ ನಷ್ಟವಾಗಿ ಪರಿಣಮಿಸಿತು! ಮಾಫಿಯು ಒಮ್ಮೆ ಮಾತ್ರ ಬರುವದು. ಏರಿಕೆಯಾದರೋ ಪೂರ್ಣ ಬಾಡಿಗೆಯ ಮೇಲೆ ಬೆಳೆಯುತ್ತ ಹೋಗುವದು.

ಎರಡನೆಯ ಬಗೆ: ‘ಅಡ್ವಾನ್ಸು ಒಂದು ಲಕ್ಷ ಹೆಚ್ಚು ಕೊಡಿರಿ, ತಿಂಗಳಿಗೆ 500 ಇಳಿಸುವೆವು’ ಎಂಬುದು. ನೂರಕ್ಕೆ ಆರರ ಬಡ್ಡಿಯಿಂದ ಒಂದು ಲಕ್ಷಕ್ಕೆ ವರ್ಷಕ್ಕೆ 6,000, ಎಂದರೆ ತಿಂಗಳಿಗೆ 500 ಆಗುವದು. ಲಾಭವು ಸೊನ್ನೆ, ಹಣವು ತಿರುಗಿ ಬರುವದೋ ಇಲ್ಲವೋ ಎಂಬ ಚಿಂತೆ ಮಾತ್ರ ನಮ್ಮದು. 2021ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿದ ಠೇವಣಿ ಸಲ್ಲದೆಂದು ಹೇಳುವದು. ಆದರೆ ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲವುಂಟು.

ಮೂರನೆಯದು ನಮ್ಮ ಮಳೆನಾಡಿಗೆ ವಿಶೇಷವಾಗಿ ಒಪ್ಪುವಂಥದು. ‘ಹಂಚು ಕೈಯಾಡಿಸುವ ಕೆಲಸ ನಿಮ್ಮದು, ಬಾಡಿಗೆಯಲ್ಲಿ ಸೋಡಿ ಕೊಡುವೆವು’ ಎಂದಲ್ಲಿ, ಒಡೆದ ಹಂಚು, ಹುಳುಹಿಡಿದ ರೀಪು ಇವುಗಳ ಖರ್ಚು ಯಾರದೆಂಬುದನ್ನು ಮಳೆಗಾಲಕ್ಕೆ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಯಾವ ರಿಯಾಯತಿಯೇ ಆಗಲಿ, ಕರಾರುಪತ್ರದಲ್ಲಿ ಬರೆಯಿಸದಿದ್ದರೆ ಅದು ಗಾಳಿಯ ಮಾತು. ಏರಿಕೆಯು ಯಾವ ಮೊತ್ತದ ಮೇಲೆ? ಅವಧಿಗೆ ಮುಂಚೆ ಮನೆ ಬಿಟ್ಟರೆ ಮಾಫಿಯ ಹಣವನ್ನು ತಿರುಗಿ ತೆರಬೇಕೋ? ಬಿಡುವಾಗ ಸುಣ್ಣಬಣ್ಣಕ್ಕೆಂದು ಮುರಿದುಕೊಳ್ಳುವದೆಷ್ಟು? ಈ ಮೂರು ಪ್ರಶ್ನೆಗಳಿಗೆ ಉತ್ತರವು ಲಿಖಿತವಾಗಿರಲಿ. ಒಳ್ಳೆಯ ಯಜಮಾನನು ಇದರಿಂದ ಕೋಪಿಸಿಕೊಳ್ಳಲಾರನು. ಕೋಪಿಸಿಕೊಳ್ಳುವವನ ಗುಣವು ಅಡ್ವಾನ್ಸು ಕೊಡುವ ಮೊದಲೇ ತಿಳಿದುದು ನಮಗೆ ದೊರೆತ ನಿಜವಾದ ರಿಯಾಯತಿಯೇ ಸರಿ.