ಬಡಗಿಗಳ ಊರಿನ ಬುಟ್ಟಿ ಚೆಂಡು

ಸಂಘ ಕಟ್ಟುವುದು ಸುಲಭ, ಕಟ್ಟಿದ ಸಂಘವನ್ನು ನಡೆಸುವುದು ಕಷ್ಟ ಎಂಬ ಮಾತನ್ನು ಪರಊರಿನಲ್ಲಿ ನೆಲಸಿರುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರ್ವಸದಸ್ಯರ ಸಭೆ ಸೇರಿದಾಗಲೆಲ್ಲ ಏಳುವ ಪ್ರಶ್ನೆಗಳು ಎರಡೇ: ಹಣ ಎಲ್ಲಿಂದ? ಜಾಗ ಎಲ್ಲಿ? ಯಾರಾದರೊಬ್ಬ ದೊಡ್ಡ ಮನುಷ್ಯರನ್ನು ಹಿಡಿದರೆ ಎರಡೂ ಬಗೆಹರಿದಾವು ಎಂದು ಒಬ್ಬರು ಹೇಳುತ್ತಾರೆ. ಅವರು ಕೈಬಿಟ್ಟ ದಿನ ನಮ್ಮ ಗತಿ ಏನು ಎಂದು ಇನ್ನೊಬ್ಬರು ಕೇಳುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಚರ್ಚೆ ಮುಂದಿನ ವರ್ಷಕ್ಕೆ ಹೋಗುತ್ತದೆ.

ಇವೇ ಎರಡು ಪ್ರಶ್ನೆಗಳನ್ನು ಸುಮಾರು ತೊಂಬತ್ತು ವರ್ಷಗಳಿಂದ ಎದುರಿಸುತ್ತ ಬಂದಿರುವ ಸಂಘವೊಂದು ಇಟಲಿ ದೇಶದಲ್ಲಿದೆ. ಅದು ಸಾಹಿತ್ಯ ಸಂಘವಲ್ಲ, ಬಾಸ್ಕೆಟ್‌ಬಾಲ್ ಆಡುವವರ ಸಂಘ; ಅದೂ ಸಂಬಳಕ್ಕೆ ಆಡುವ ವೃತ್ತಿಪರ ಆಟಗಾರರ ಸಂಘ. ಆದರೂ ಅದರ ಚರಿತ್ರೆಯನ್ನು ಓದುತ್ತ ಹೋದಂತೆ ನಮಗೆ ನಮ್ಮವರದೇ ಕಥೆಯನ್ನು ಓದಿದಂತಾಯಿತು. ಅದಕ್ಕಾಗಿ ಓದುಗರ ಮುಂದೆ ಇಡುತ್ತಿದ್ದೇವೆ.

ಇಟಲಿಯ ಉತ್ತರ ಭಾಗದಲ್ಲಿ ಲೊಂಬಾರ್ದಿ ಎಂಬ ಪ್ರಾಂತವಿದೆ. ಅದರ ದೊಡ್ಡ ನಗರ ಮಿಲಾನ್. ಮಿಲಾನಿನಿಂದ ಉತ್ತರಕ್ಕೆ, ಕೊಮೊ ಸರೋವರದ ಕಡೆಗೆ ಹೋಗುವಾಗ, ದಾರಿಯಲ್ಲಿ ಸಿಗುವ ಊರು ಕಾಂತೂ. ಜನಸಂಖ್ಯೆ ಸುಮಾರು 40,000. ನಮ್ಮ ಕಡೆಯ ಒಂದು ತಾಲ್ಲೂಕು ಊರಿನಷ್ಟು ಎನ್ನಬಹುದು. ಈ ಊರಿಗೆ ಎರಡು ಕಸುಬುಗಳಿಂದ ಹೆಸರು ಬಂದಿದೆ. ಹೆಂಗಸರು ದಿಂಬಿನ ಮೇಲೆ ಸಣ್ಣ ಸಣ್ಣ ಮರದ ಕಡ್ಡಿಗಳಿಂದ ನೂಲನ್ನು ಹೆಣೆದು ತೆಗೆಯುವ ಲೇಸು ಒಂದು. ಗಂಡಸರ ಮರಗೆಲಸ ಇನ್ನೊಂದು. ಕುರ್ಚಿ, ಮೇಜು, ಮಂಚ, ಬೀರು ಇವನ್ನು ಮಾಡುವ ಕುಶಲ ಬಡಗಿಗಳ ಕಾರ್ಖಾನೆಗಳು ಊರಿನ ತುಂಬ ಇವೆ. ನಮ್ಮ ಸಾಗರ, ಸೊರಬದ ಗುಡಿಗಾರರ ಕೈಚಳಕವನ್ನು ಕಂಡವರಿಗೆ ಇಂಥ ಊರಿನ ಹೆಮ್ಮೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆಟದ ಮಾತು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮದ ಉಪಾಧ್ಯಾಯರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸುವುದಕ್ಕಾಗಿ, ಪೀಚ್ ಹಣ್ಣು ತುಂಬುವ ಬುಟ್ಟಿಗಳೆರಡನ್ನು 10 ಅಡಿ ಎತ್ತರದಲ್ಲಿ ಹೊಡೆಸಿ ಈ ಆಟವನ್ನು ಹೂಡಿದರು. ಇಟಲಿಯವರು ಇದನ್ನು ತಮ್ಮ ಭಾಷೆಗೆ ತಂದುಕೊಂಡು 'ಪಾಲ್ಲಕನೇಸ್ತ್ರೊ' ಎಂದರು. ಪಾಲ್ಲಾ ಎಂದರೆ ಚೆಂಡು, ಕನೇಸ್ತ್ರೊ ಎಂದರೆ ಬುಟ್ಟಿ. ನಾವು ಬುಟ್ಟಿ ಚೆಂಡು ಎಂದಂತೆಯೇ ಸರಿ. ಫುಟ್‌ಬಾಲಿಗೆ ಹನ್ನೊಂದು ಜನ ಬೇಕು, ವಿಶಾಲ ಬಯಲು ಬೇಕು. ಇದಕ್ಕೆ ಐದು ಜನ, ಒಂದು ಒಳಾಂಗಣ ಇದ್ದರೆ ಸಾಕು. ಸಣ್ಣ ಊರು ದೊಡ್ಡ ನಗರಕ್ಕೆ ಸಡ್ಡು ಹೊಡೆಯಬಹುದಾದ ಆಟ ಇದು.

1936ರಲ್ಲಿ ಕಾಂತೂವಿನವರು 'ಪಾಲ್ಲಕನೇಸ್ತ್ರೊ ಕಾಂತೂ' ಎಂಬ ಸಂಘವನ್ನು ಸ್ಥಾಪಿಸಿದರು. ಯುದ್ಧದ ವರ್ಷಗಳು ಕಳೆದವು. ಸಂಘ ಕೆಳಗಿನ ದರ್ಜೆಗಳಲ್ಲಿ ಆಡುತ್ತ, ಒಂದೊಂದೇ ಮೆಟ್ಟಿಲು ಹತ್ತಿ 1950ರ ದಶಕದಲ್ಲಿ ದೇಶದ ಮೊದಲನೆಯ ದರ್ಜೆಗೆ ಸೇರಿತು. ಅಲ್ಲಿಯ ಕ್ರಮವನ್ನು ಓದುಗರಿಗೆ ತಿಳಿಸಬೇಕು. ಪ್ರತಿವರ್ಷವೂ ಮೊದಲನೆಯ ದರ್ಜೆಯಲ್ಲಿ ಕಡೆಗೆ ಉಳಿದವರಿಗೆ ಹಿಂಬಡ್ತಿ. ಎರಡನೆಯ ದರ್ಜೆಯಲ್ಲಿ ಗೆದ್ದವರಿಗೆ ಮುಂಬಡ್ತಿ. ಸರಕಾರಿ ಕಚೇರಿಯಲ್ಲಾದರೆ ಒಮ್ಮೆ ಹತ್ತಿದ ಮೆಟ್ಟಿಲಿನಲ್ಲಿ ನಿವೃತ್ತಿಯವರೆಗೆ ಕಾಲೂರಿ ನಿಲ್ಲಬಹುದು. ಆಟದಲ್ಲಿ ಆ ಸೌಕರ್ಯವಿಲ್ಲ.

ಆಟಗಾರರಿಗೆ ಸಂಬಳ ಕೊಡಲು ಹಣ ಬೇಕಲ್ಲ? ಇದಕ್ಕೆ ಇಟಲಿಯವರು ಒಂದು ಉಪಾಯ ಕಂಡುಕೊಂಡರು. ಹಣ ಕೊಡುವ ಕಂಪೆನಿಯ ಹೆಸರನ್ನು ತಂಡದ ಹೆಸರಿಗೆ ಸೇರಿಸುವುದು. ಹೀಗಾಗಿ ಕಾಂತೂ ತಂಡವು 1960ರ ದಶಕದಲ್ಲಿ ಕಿತ್ತಳೆ ಪಾನೀಯದ ಹೆಸರು ಹೊತ್ತು 'ಒರಾನ್‌ಸೋಡಾ ಕಾಂತೂ' ಆಯಿತು. ಆಮೇಲೆ ಬಿಯರ್ ತಯಾರಿಸುವವರು ಬಂದು 'ಫೋರ್ಸ್ಟ್ ಕಾಂತೂ' ಆಯಿತು. ಮನೆ ನಿವೇಶನದ ವ್ಯಾಪಾರಿಗಳು ಬಂದಾಗ 'ಗಬೆತ್ತಿ', ಔಷಧದ ಕಂಪೆನಿ ಬಂದಾಗ 'ಸ್ಕ್ವಿಬ್', ಮೋಟಾರು ಕಾರಿನವರು ಬಂದಾಗ 'ಫೋರ್ಡ್'. ಮೊದಲನೆಯ ಹೆಸರು ಬದಲಾಗುತ್ತಲೇ ಇತ್ತು. ಎರಡನೆಯದು ಮಾತ್ರ ಕದಲಲಿಲ್ಲ.

ಮೊದಲನೆಯ ಸಲ ಕಾಂತೂ ಇಟಲಿಯ ಚಾಂಪಿಯನ್ ಆದುದು 1968ರಲ್ಲಿ. ಆಗಿನ ತರಬೇತುದಾರರು ಯುಗೊಸ್ಲಾವಿಯದ ಬೊರಿಸ್ಲಾವ್ ಸ್ಟಾಂಕೋವಿಚ್. ಇವರು ಓದಿದ್ದು ಪಶುವೈದ್ಯ. ಬೆಲ್‌ಗ್ರೇಡಿನಲ್ಲಿ ಮಾಂಸ ಪರೀಕ್ಷಕರಾಗಿ ಕೆಲಸ ಮಾಡಿದ್ದವರು. ಕಾಂತೂವಿನಲ್ಲಿ ಮೂರು ವರ್ಷ ಇದ್ದು, ದೊಡ್ಡ ನಗರಗಳ ತಂಡಗಳನ್ನೆಲ್ಲ ಹಿಂದಕ್ಕೆ ಹಾಕಿಸಿದರು. ಇವರೇ ಮುಂದೆ 1976ರಿಂದ 2002ರವರೆಗೆ ವಿಶ್ವ ಬಾಸ್ಕೆಟ್‌ಬಾಲ್ ಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದು, 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಅಮೆರಿಕದ ವೃತ್ತಿಪರ ಆಟಗಾರರು ಆಡುವಂತೆ ಬಾಗಿಲು ತೆರೆಸಿದವರು. ಲೋಕವೇ ಕಣ್ಣರಳಿಸಿ ನೋಡಿದ ಆ ತಂಡದ ಹಿಂದೆ ಹೀಗೊಬ್ಬ ಹಳೆಯ ಕಾಂತೂ ಮೇಷ್ಟರು ಇದ್ದರು.

1969ರ ಸುಮಾರಿಗೆ ಸಂಘದ ಅಧ್ಯಕ್ಷತೆ ಆಲ್ದೊ ಅಲ್ಲಿಯೆವಿ ಎಂಬವರಿಗೆ ಬಂದಿತು. ಅವರು ಸುಮಾರು ಕಾಲು ಶತಮಾನ ಕಾಲ ಸಂಘವನ್ನು ಮನೆಯಂತೆ ನೋಡಿಕೊಂಡರು. ಅದೇ ಕಾಲದಲ್ಲಿ ಪಕ್ಕದ ಫಿಜೀನೊ ಸೆರೆಂತ್ಸಾ ಊರಿನ ಹದಿನೇಳು ವರ್ಷದ ಹುಡುಗನೊಬ್ಬ ತಂಡಕ್ಕೆ ಸೇರಿದ. ಹೆಸರು ಪಿಯೆರ್ಲುಯಿಜಿ ಮಾರ್ಜೊರಾತಿ. ಆಡುತ್ತಲೇ ಮಿಲಾನಿನ ಪಾಲಿಟೆಕ್ನಿಕ್ಕಿನಲ್ಲಿ ಓದಿ ಸಿವಿಲ್ ಇಂಜಿನಿಯರಾದ. 'ಆಟ ಬಿಟ್ಟು ಪುಸ್ತಕ ಹಿಡಿ' ಎಂದು ಮಕ್ಕಳಿಗೆ ದಿನವೂ ಹೇಳುವ ನಮ್ಮ ಮನೆಗಳಲ್ಲಿ ಈ ಉದಾಹರಣೆಯನ್ನು ಮಕ್ಕಳ ಕೈಗೆ ಕೊಡಬೇಕೋ ಬೇಡವೋ ಎಂದು ನಾವು ಸ್ವಲ್ಪ ಯೋಚಿಸಿದೆವು. ಜನ ಮಾರ್ಜೊರಾತಿಯವರನ್ನು 'ಹಾರುವ ಇಂಜಿನಿಯರ್' ಎಂದು ಕರೆದರು. 1969ರಿಂದ 1991ರವರೆಗೆ ಅವರು ಆಡಿದ್ದು ಇದೊಂದೇ ಸಂಘಕ್ಕೆ. ದೇಶದ ತಂಡಕ್ಕೆ 278 ಪಂದ್ಯ ಆಡಿದರು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಬೆಳ್ಳಿ, 1983ರ ಯೂರೋಪ್ ಚಾಂಪಿಯನ್‌ಷಿಪ್ಪಿನಲ್ಲಿ ಚಿನ್ನ ಪಡೆದ ಇಟಲಿ ತಂಡಗಳಲ್ಲಿ ಇದ್ದರು.

ಮಾರ್ಜೊರಾತಿ, ಕಾರ್ಲೊ ರೆಕಾಲ್ಕಾತಿ, ಫಾಬ್ರೀತ್ಸಿಯೊ ದೆಲ್ಲಾ ಫಿಯೋರಿ ಇವರನ್ನು ಕೂಡಿಸಿಕೊಂಡು ತರಬೇತುದಾರ ಆರ್ನಾಲ್ದೊ ತೌರಿಸಾನೊ ಅವರು ಕಟ್ಟಿದ ತಂಡ 1975ರಲ್ಲಿ ಎರಡನೆಯ ಸಲ ಇಟಲಿಯ ಚಾಂಪಿಯನ್ ಆಯಿತು. ಮೂರನೆಯ ಸಲ ಗೆದ್ದದ್ದು 1981ರಲ್ಲಿ. ಯೂರೋಪಿನ ಪಾರಿತೋಷಕಗಳಂತೂ ಸಾಲುಗಟ್ಟಿ ಬಂದವು. ಕೊರಾಚ್ ಕಪ್ 1973, 1974, 1975ರಲ್ಲಿ ಸತತ ಮೂರು ವರ್ಷ ಬಂದಿತು. ಈ ಕಪ್ಪಿಗೆ ಹೆಸರು ಕೊಟ್ಟ ರಾದಿವೊಯ್ ಕೊರಾಚ್ 1969ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡ ಯುಗೊಸ್ಲಾವಿಯದ ಆಟಗಾರ. ಬೆಲ್‌ಗ್ರೇಡಿನಲ್ಲಿ ಅದೇ ಸ್ಟಾಂಕೋವಿಚ್ ಅವರ ಕೈಕೆಳಗೆ ಆಡಿದವರು. ಕಪ್ ವಿಜೇತರ ಕಪ್ 1977, 1978, 1979, 1981ರಲ್ಲಿ ಬಂದಿತು.

ಉಳಿದಿದ್ದು ಎಲ್ಲಕ್ಕಿಂತ ದೊಡ್ಡದಾದ ಯೂರೋಪ್ ಚಾಂಪಿಯನ್ನರ ಕಪ್. 1982ರ ಮಾರ್ಚಿಯಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ, ವಲೇರಿಯೊ ಬಿಯಾಂಕೀನಿಯವರ ತರಬೇತಿಯಲ್ಲಿ, ಕಾಂತೂ ತಂಡ ಇಸ್ರೇಲಿನ ಮಕಾಬಿ ಟೆಲ್ ಅವೀವ್ ತಂಡವನ್ನು 86–80ರಿಂದ ಸೋಲಿಸಿ ಅದನ್ನೂ ತಂದಿತು. ಮರುವರ್ಷ ತರಬೇತುದಾರರು ಬೇರೆ, ಜಾನ್‌ಕಾರ್ಲೊ ಪ್ರೀಮೊ. ಫೈನಲ್ ಪಂದ್ಯ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ. ಎದುರಾಳಿ ಯಾರೆಂದರೆ ನೆರೆಮನೆಯ ಮಿಲಾನ್! ಒಂದೇ ಪ್ರಾಂತದವರು ಆಲ್ಪ್ಸ್ ದಾಟಿ ಹೋಗಿ ಯೂರೋಪಿನ ಕಿರೀಟಕ್ಕೆ ಸೆಣಸಿದರು. ಒಂದು ಕಡೆ ಹದಿನೈದು ಲಕ್ಷಕ್ಕೂ ಮೀರಿದ ಜನರ ಮಹಾನಗರ, ಇನ್ನೊಂದು ಕಡೆ ಬಡಗಿಗಳ ಊರು. ಕಾಂತೂ ಗೆದ್ದಿತು, 69–68ರಿಂದ. ಒಂದೇ ಒಂದು ಅಂಕದಿಂದ. ಆ ಎರಡು ಫೈನಲ್‌ಗಳಲ್ಲಿಯೂ ಆಡಿದ ಆಂತೊನೆಲ್ಲೊ ರೀವಾ ಹತ್ತಿರದ ರೊಜೆನೊ ಎಂಬ ಹಳ್ಳಿಯ ಹುಡುಗ. ಆತ ಮುಂದೆ ಇಟಲಿಯ ಲೀಗಿನಲ್ಲಿ ಒಟ್ಟು 14,397 ಅಂಕ ಗಳಿಸಿ ಎಲ್ಲರಿಗಿಂತ ಮುಂದಾದ.

1975 ಮತ್ತು 1982ರ ಇಂಟರ್‌ಕಾಂಟಿನೆಂಟಲ್ ಕಪ್ಪುಗಳು, 1991ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಪಡೆದ ನಾಲ್ಕನೆಯ ಕೊರಾಚ್ ಕಪ್ಪು, ಇವನ್ನೂ ಸೇರಿಸಿದರೆ ದೇಶದ ಹೊರಗಿನ ಪಾರಿತೋಷಕಗಳೇ 12. ನಲವತ್ತು ಸಾವಿರ ಜನರ ಊರಿಗೆ!

ಏರಿದ್ದು ಇಳಿಯಲೇಬೇಕಷ್ಟೆ. ಆಟಗಾರರ ಸಂಬಳ ಏರುತ್ತ ಹೋಯಿತು. ಬಡಗಿಗಳ ಊರಿನ ಖಜಾನೆ ಅದರ ಸಮಕ್ಕೆ ಏರಲಿಲ್ಲ. ರೀವಾ 1989ರಲ್ಲಿ ಮಿಲಾನಿಗೆ ಹೋದ. 1994ರಲ್ಲಿ ಕಾಂತೂ ಎರಡನೆಯ ದರ್ಜೆಗೆ ಇಳಿಯಿತು. ಅಲ್ಲಿಯೆವಿಯವರ ಕಾಲವೂ ಮುಗಿಯಿತು. ಎರಡು ವರ್ಷದಲ್ಲಿ ಮತ್ತೆ ಮೇಲಕ್ಕೆ ಬಂದರೂ ಸಂಘವು ಒಬ್ಬ ಯಜಮಾನರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತ ಬಂದಿತು. 2006ರಲ್ಲಿ ಸಂಘಕ್ಕೆ 70 ತುಂಬಿದಾಗ, 54 ವರ್ಷದ ಮಾರ್ಜೊರಾತಿಯವರು ಮತ್ತೆ 14ನೆಯ ನಂಬರಿನ ಅಂಗಿ ತೊಟ್ಟು, ಲೀಗಿನ ಪಂದ್ಯವೊಂದರಲ್ಲಿ ಕೆಲವು ನಿಮಿಷ ಆಡಿದರು. ಆ ಹೊತ್ತಿಗೆ ಅವರ ಎದುರು ಆಡುತ್ತಿದ್ದವರಲ್ಲಿ ಬಹುಮಂದಿ ಅವರ ಮಕ್ಕಳ ವಯಸ್ಸಿನವರು.

ಇನ್ನು ಜಾಗದ ಸಂಕಟ. ಸಂಘದ ವೈಭವದ ದಿನಗಳ ಅಂಗಳ ಪಕ್ಕದ ಕುಚ್ಚಾಗೊದಲ್ಲಿದ್ದ 'ಪಿಯಾನೆಲ್ಲಾ'. ಸುಮಾರು ನಾಲ್ಕು ಸಾವಿರ ಜನ ಒತ್ತೊತ್ತಾಗಿ ಕುಳಿತು ಕೂಗಿದರೆ ಹೊರಗಿನಿಂದ ಬಂದವರ ಎದೆ ನಡುಗುತ್ತಿತ್ತಂತೆ. ಊರೊಳಗೆ ಇನ್ನೂ ದೊಡ್ಡದನ್ನು ಕಟ್ಟಹೊರಟು, ಕೆಲಸ ಅರ್ಧಕ್ಕೇ ನಿಂತು, ಬರಿಯ ಅಸ್ಥಿಪಂಜರ ವರ್ಷಗಟ್ಟಲೆ ಉಳಿಯಿತು. ಬೈಬಲ್ಲಿನಲ್ಲಿ ಬರುವ ಮುಗಿಯದ ಗೋಪುರವನ್ನು ನೆನೆದು ಜನ ಅದಕ್ಕೆ 'ಪಾಲಬಾಬೆಲೆ' ಎಂದು ಹೆಸರಿಟ್ಟು ನಕ್ಕರು. ಕೊನೆಗೆ ಅದನ್ನು ಕೆಡವಿದರು.

2015ರಲ್ಲಿ ರಷ್ಯದ ಉಕ್ಕಿನ ಉದ್ಯಮಿ ದ್ಮೀತ್ರಿ ಗೆರಾಸಿಮೆಂಕೊ ಸಂಘವನ್ನು ಕೊಂಡರು. ದೊಡ್ಡ ಮನುಷ್ಯರು ಸಿಕ್ಕಿದರೆಂದು ಊರು ಸಂತೋಷಪಟ್ಟಿತು. ಪಿಯಾನೆಲ್ಲಾವನ್ನು ಹೊಸದಾಗಿ ಕಟ್ಟುವ ಯೋಜನೆ ಹಾಕಿ 2016ರಲ್ಲಿ ಅದನ್ನು ತೆರವು ಮಾಡಿದರು. ಆ ಕೆಲಸವೂ ನಡುವೆಯೇ ನಿಂತಿತು. ತಂಡ ದೇಸಿಯೊ ಎಂಬ ಬೇರೆ ಊರಿನ ಅಂಗಳಕ್ಕೆ ಹೋಗಿ 'ತವರಿನ ಪಂದ್ಯ' ಆಡಬೇಕಾಯಿತು. ಬಾಡಿಗೆಯ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡಿದವರಿಗೆ ಆ ಕಷ್ಟ ಅರ್ಥವಾದೀತು. ಹಣಕ್ಕೂ ಅಡಚಣೆ ಬಂದು, 2019ರ ಮೊದಲಿಗೆ ಸಂಘ ಉಳಿಯುವುದೇ ಸಂಶಯವೆಂಬ ಸ್ಥಿತಿ ಮುಟ್ಟಿತು.

ಆಗ ಮುಂದೆ ಬಂದದ್ದು ಯಾವ ಸಾಹುಕಾರರೂ ಅಲ್ಲ. 'ತೂತ್ತಿ ಇನ್‌ಸಿಯೆಮೆ ಕಾಂತೂ' ಎಂಬ ಕೂಟವೊಂದು ಆ ವೇಳೆಗಾಗಲೇ ಇತ್ತು. 'ಎಲ್ಲರೂ ಕೂಡಿ ಕಾಂತೂ' ಎಂದು ಅದರ ಅರ್ಥ. ಸ್ಥಳೀಯ ಉದ್ಯಮಿಗಳು, ವ್ಯಾಪಾರಿಗಳು, ಅಭಿಮಾನಿಗಳು ತಮ್ಮ ತಮ್ಮ ಶಕ್ತ್ಯನುಸಾರ ಪಾಲು ಹಾಕಿ ನಡೆಸುವ ಕೂಟ ಅದು. ಅವರೂ ಊರಿನ ಇನ್ನಿತರ ಹಿತೈಷಿಗಳೂ ಸೇರಿ ಸಂಘವನ್ನು ವಹಿಸಿಕೊಂಡರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆ ಲೊಂಬಾರ್ದಿಯಲ್ಲಿಯೂ ನಿಜವಾಯಿತು.

ಇಲ್ಲಿಗೆ ಮಂಗಳ ಹಾಡಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಒಗ್ಗಟ್ಟಿನಿಂದ ಸಂಘ ಉಳಿಯಿತೇ ಹೊರತು ಆಟ ಗೆಲ್ಲಲಿಲ್ಲ. 2021ರಲ್ಲಿ ಕಾಂತೂ ಮತ್ತೆ ಎರಡನೆಯ ದರ್ಜೆಗೆ ಇಳಿಯಿತು. 2024ರಲ್ಲಿ ಮೇಲೇರುವ ಫೈನಲ್‌ವರೆಗೆ ಬಂದು ತ್ರಿಯೆಸ್ತೆ ತಂಡಕ್ಕೆ ಸೋತಿತು. ಯೂರೋಪನ್ನು ಎರಡು ಸಲ ಗೆದ್ದವರು ನಾಲ್ಕು ವರ್ಷ ಕೆಳಗಿನ ದರ್ಜೆಯಲ್ಲಿ ಬೆವರು ಸುರಿಸಿದರು. ಆದರೆ ಪಾಲು ಹಾಕಿದವರು ಪಾಲು ಹಿಂತೆಗೆಯಲಿಲ್ಲ, ನೋಡುವವರು ನೋಡುವುದನ್ನು ಬಿಡಲಿಲ್ಲ. 2025ರಲ್ಲಿ ರೀಮಿನಿ ತಂಡವನ್ನು ಸೋಲಿಸಿ ಕಾಂತೂ ಮೊದಲನೆಯ ದರ್ಜೆಗೆ ಮರಳಿತು. ಊರೊಳಗೇ ಹೊಸ ಕ್ರೀಡಾಂಗಣ ಕಟ್ಟುವ ಕೆಲಸವನ್ನೂ ಕೈಗೆತ್ತಿಕೊಂಡರು.

ದೊಡ್ಡ ಮನುಷ್ಯರ ನೆರವು ಬೇಡವೆಂದು ನಾವು ಹೇಳುವುದಿಲ್ಲ. ಅಲ್ಲಿಯೆವಿಯವರಂಥವರು ಇಲ್ಲದಿದ್ದರೆ ಆ 12 ಪಾರಿತೋಷಕಗಳು ಬರುತ್ತಿರಲಿಲ್ಲ. ಆದರೆ ಅವರು ಗೆಲುವಿನ ದಿನಗಳನ್ನು ಕೊಟ್ಟರು. ಸೋಲಿನ ದಿನಗಳಲ್ಲಿ ಸಂಘದ ಬಾಗಿಲು ಮುಚ್ಚದಂತೆ ನೋಡಿಕೊಂಡದ್ದು ಸಣ್ಣ ಪಾಲಿನವರು. ವಂತಿಗೆಯ ಪುಸ್ತಕ ಹಿಡಿದು ಭಾನುವಾರ ಮನೆಮನೆ ಹತ್ತಿ ಇಳಿಯುವ ನಮ್ಮ ಕಾರ್ಯಕರ್ತರಿಗೆ ಇದು ಹೊಸ ಮಾತಲ್ಲ. ಈ ಸಲ ಅವರು ಬಾಗಿಲು ತಟ್ಟಿದಾಗ ಓದುಗರು 'ಯಜಮಾನರು ಮನೆಯಲ್ಲಿಲ್ಲ' ಎನ್ನದಿದ್ದರೆ ನಮ್ಮ ಬರಹ ಸಾರ್ಥಕ.