ಡೇಝೀ (ವೀಡಿಯೊ ಆಟ)

ಡೇಝೀ ಮುಕ್ತ ಜಗತ್ತಿನಲ್ಲಿ ಹಲವರು ಒಟ್ಟಿಗೆ ಆಡುವ, ಬದುಕುಳಿಯುವಿಕೆಯನ್ನು ಆಧರಿಸಿದ ವೀಡಿಯೊ ಆಟವಾಗಿದೆ. ನ್ಯೂಜಿಲೆಂಡ್‌ನ ಡೀನ್ ಹಾಲ್ ಇದನ್ನು 2012ರಲ್ಲಿ ಆರ್ಮಾ 2 ಆಟದ ಮಾರ್ಪಾಡಾಗಿ ರೂಪಿಸಿದರು. ಝೆಕ್ ಗಣರಾಜ್ಯದ ಬೊಹೀಮಿಯಾ ಇಂಟರಾಕ್ಟಿವ್ ಸಂಸ್ಥೆಯು ಸ್ವತಂತ್ರ ಆವೃತ್ತಿಯನ್ನು 2018ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿತು.

ಆಕರ್ಷಣೆ

ಆಟಗಾರರು ಚೆರ್ನಾರಸ್ ಎಂಬ ಕಾಲ್ಪನಿಕ ದೇಶದ ಕಡಲತೀರದಲ್ಲಿ ಬಹುತೇಕ ಬರಿಗೈಯಲ್ಲಿ ಆಟವನ್ನು ಆರಂಭಿಸಿ, ಹಸಿವು, ಬಾಯಾರಿಕೆ, ಚಳಿ ಹಾಗೂ ರೋಗಗಳನ್ನು ಎದುರಿಸುತ್ತಾರೆ. ಪಾತ್ರವು ಸತ್ತರೆ ಅದು ಹೊತ್ತಿದ್ದ ಸಾಮಗ್ರಿ ಶವದಲ್ಲೇ ಉಳಿಯುತ್ತದೆ. ಹೊಸ ಪಾತ್ರದೊಡನೆ ಮೊದಲಿನಿಂದ ಆಡಬೇಕಾಗುತ್ತದೆ. ಆದ್ದರಿಂದ ಒಂದು ಡಬ್ಬಿ ಆಹಾರವೂ ಅಮೂಲ್ಯವೆನಿಸುತ್ತದೆ. ಸೋಂಕಿತರ ನಡವಳಿಕೆಯನ್ನು ಊಹಿಸಬಹುದು. ಎದುರಾಗುವ ಅಪರಿಚಿತ ಆಟಗಾರರ ಉದ್ದೇಶವನ್ನು ಊಹಿಸಲಾಗದು. ಅವರು ಗಾಯಕ್ಕೆ ಪಟ್ಟಿ ಕಟ್ಟಬಹುದು, ಇಲ್ಲವೇ ಗುಂಡಿಕ್ಕಿ ದೋಚಬಹುದು. ನಂಬಬೇಕೆ, ಬೇಡವೆ ಎಂಬ ನಿರ್ಧಾರವನ್ನು ನಿಯಮಗಳು ಆಟಗಾರರಿಗೇ ಬಿಟ್ಟಿರುವುದು ಈ ಆಟದ ಮುಖ್ಯ ಸೆಳೆತವಾಗಿದೆ.